ಆಗುಂಬೆಯ ಎಲೆಮರೆಯಲ್ಲಿ

ಆಗುಂಬೆಯೆಂದೊಡನೆ ಎಲ್ಲರಿಗೂ ನೆನಪಾಗುವುದು ಅಲ್ಲಿನ ಸೂರ್ಯಾಸ್ತ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಈ ಪುಟ್ಟ ಊರು ಸಮುದ್ರಮಟ್ಟದಿಂದ 600 ಮೀಟರಿಗೂ ಮಿಕ್ಕ ಎತ್ತರದಲ್ಲಿ, ಪಶ್ಚಿಮ ಘಟ್ಟದ ಅಂಚಿನಲ್ಲಿದೆ. ವರ್ಷವೊಂದಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಇಲ್ಲಿ ಸುರಿಯುತ್ತದೆ. ಮಳೆಗಾಲದಲ್ಲಿ ಬಂದ ಪ್ರಯಾಣಿಕರು ಮೋಡ ಮುಚ್ಚಿದ ಪಡುವಣವನ್ನು ಕಂಡು ನಿರಾಶರಾಗಿ ಹಿಂದಿರುಗುವುದುಂಟು. ಆದರೆ ದೂರದ ದೃಶ್ಯವೆಲ್ಲ ಮರೆಯಾಗುವ ಆ ಕಾಲವೇ ಹತ್ತಿರದ್ದನ್ನು ನೋಡುವುದಕ್ಕೆ ಪ್ರಶಸ್ತವಾದುದು.

ನಾವು ಅಲ್ಲಿಗೆ ಹೋದುದು ಅದಕ್ಕಾಗಿಯೇ. ಪಾಠಶಾಲೆಯಲ್ಲಿ ಬಹುಕಾಲ ಸಂಸ್ಕೃತವನ್ನು ಬೋಧಿಸಿ, ಮಂಡೂಕ, ಭೇಕ, ದರ್ದುರ, ಪ್ಲವ, ವರ್ಷಾಭೂ ಎಂದು ಕಪ್ಪೆಯ ಹೆಸರುಗಳನ್ನು ಅಮರಕೋಶದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ನಾವು. ಆ ಹೆಸರುಗಳಿಗೆ ಒಡೆಯನಾದ ಪ್ರಾಣಿಯನ್ನು ಸಮೀಪದಿಂದ ನೋಡುವ ಬಯಕೆ ನಿವೃತ್ತಿಯ ತರುವಾಯ ಬಲವಾಯಿತು. ಛಾಯಾಗ್ರಹಣದಲ್ಲಿ ಪಳಗಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಮ್ಯಾಕ್ರೋ ಮಸೂರವನ್ನು ತಂದು ನಮಗೆ ಗುರುವಾದನು.

ಈ ಮಸೂರದ ಗುಣವನ್ನು ಸಂಕ್ಷೇಪವಾಗಿ ಹೇಳುವೆವು. ಸಾಧಾರಣ ಮಸೂರವು ವಸ್ತುವಿನ ಬಿಂಬವನ್ನು ಬಹಳವಾಗಿ ಕುಗ್ಗಿಸಿ ಕ್ಯಾಮೆರಾದೊಳಕ್ಕೆ ಬೀಳಿಸುತ್ತದೆ. ಮ್ಯಾಕ್ರೋ ಮಸೂರವಾದರೋ ವಸ್ತು ಎಷ್ಟಿದೆಯೋ ಅಷ್ಟೇ ದೊಡ್ಡ ಬಿಂಬವನ್ನು ಬೀಳಿಸಬಲ್ಲದು. ಬಿಂಬವನ್ನು ಗ್ರಹಿಸುವ ಫಲಕವು 36 ಮಿಲಿಮೀಟರು ಅಗಲವಾಗಿದ್ದರೆ, ಅಷ್ಟೇ ಉದ್ದದ ಕಂಬಳಿಹುಳು ಚಿತ್ರದ ಈ ತುದಿಯಿಂದ ಆ ತುದಿಯವರೆಗೂ ತುಂಬುತ್ತದೆ. ಆದರೆ ಹತ್ತಿರ ಹೋದಷ್ಟೂ ಸ್ಫುಟವಾಗಿ ಕಾಣುವ ಆಳವು ಕಡಿಮೆಯಾಗುತ್ತದೆ. ಈ ಪ್ರಮಾಣದಲ್ಲಿ ಮಸೂರದ ಕಿಂಡಿಯನ್ನು ಎಫ್ 11ರಷ್ಟು ಕಿರಿದುಮಾಡಿದರೂ ಆ ಆಳವು ಒಂದೂವರೆ ಮಿಲಿಮೀಟರನ್ನು ಮುಟ್ಟುವುದಿಲ್ಲ. ಇನ್ನೂ ಕಿರಿದುಮಾಡುತ್ತ ಹೋದರೆ ಬೆಳಕು ಸಾಲದಾಗುವುದಲ್ಲದೆ ಚಿತ್ರವೆಲ್ಲವೂ ಮೊಬ್ಬಾಗುತ್ತದೆ. ಆದುದರಿಂದ ಯಾವುದು ಸ್ಪಷ್ಟವಾಗಿರಬೇಕೆಂಬುದನ್ನು ಮೊದಲೇ ನಿಶ್ಚಯಿಸತಕ್ಕದ್ದು. ಪ್ರಾಣಿಯಾದರೆ ಅದು ಕಣ್ಣು.

“ಮೇಷ್ಟ್ರೇ, ಮಸೂರವನ್ನು ತಿರುಗಿಸಬೇಡಿ, ನೀವೇ ಕೂದಲೆಳೆಯಷ್ಟು ಮುಂದೆ ಹಿಂದೆ ಬಾಗಿ, ಕಣ್ಣು ತಿಳಿಯಾದ ಕ್ಷಣದಲ್ಲಿ ಒತ್ತಿ” ಎಂದು ಶಿಷ್ಯನು ಉಪದೇಶಿಸಿದನು. ಮೊದಲ ದಿನ ಅಲುಗಾಡದ ವಸ್ತುಗಳ ಪಾಠವಾಯಿತು: ಪಾಚಿ, ಅಣಬೆ, ಹುಲ್ಲಿನ ತುದಿಯ ಹನಿ. ಒದ್ದೆಯೆಲೆಯು ಫ್ಲ್ಯಾಷ್ ದೀಪಕ್ಕೆ ಕನ್ನಡಿಯಂತೆ ಹೊಳೆಯುವುದರಿಂದ, ದೀಪದ ಮುಂದೆ ತೆಳುವಾದ ಬಿಳಿಯ ಬಟ್ಟೆಯನ್ನು ಕಟ್ಟಿದೆವು. ಎರಡನೆಯ ದಿನ ನಸುಕಿನಲ್ಲಿ ಎದ್ದು, ಮೈಮೇಲೆ ನೀರ ಹನಿಗಳನ್ನು ಹೊತ್ತು ನಿಶ್ಚಲವಾಗಿ ಕುಳಿತಿದ್ದ ಏರೋಪ್ಲೇನ್ ಚಿಟ್ಟೆಯನ್ನು ಪಕ್ಕದಿಂದ ಹಿಡಿದೆವು. ಕ್ಯಾಮೆರಾವನ್ನು ಅದರ ಉದ್ದಕ್ಕೆ ಸಮಾನಾಂತರವಾಗಿ ಇಟ್ಟುದರಿಂದ ತಲೆಯಿಂದ ಬಾಲದವರೆಗೂ ಸ್ಫುಟವಾಗಿ ಬಂದಿತು.

ಆ ಸಂಜೆ ಊರಿನ ಕೃಷಿಕರೊಬ್ಬರು ನಮ್ಮನ್ನು ತಮ್ಮ ತೋಟದ ಅಂಚಿನ ನೀರುಗುಂಡಿಯ ಬಳಿಗೆ ಕರೆದೊಯ್ದರು. ನೀರಿನ ಮೇಲೆ ಚಾಚಿದ ಕೊಂಬೆಯೊಂದರಲ್ಲಿ ಎಲೆಗಳ ನಡುವೆ ಸಾಬೂನಿನ ನೊರೆಯಂತಹ ಬಿಳಿಯ ಮುದ್ದೆಯಿದ್ದಿತು. ಅದು ಮಲಬಾರಿನ ಹಾರುಕಪ್ಪೆಯ ಗೂಡು. ಹಸಿರು ಬೆನ್ನಿನ ಈ ಕಪ್ಪೆಯು ಬೆರಳುಗಳ ನಡುವಣ ಕೆಂಪು ಜಾಲಪೊರೆಯನ್ನು ಹರಡಿ ಮರದಿಂದ ಮರಕ್ಕೆ ತೇಲಿಹೋಗುತ್ತದೆ. ನೆಗೆಯುವವನೆಂಬರ್ಥದ ‘ಪ್ಲವ’ ಎಂಬ ಹೆಸರು ಇದಕ್ಕಿಂತ ಚೆನ್ನಾಗಿ ಯಾರಿಗೆ ಒಪ್ಪೀತು! ತನ್ನ ದ್ರವವನ್ನು ಕಾಲುಗಳಿಂದ ಕಡೆದು ಮಾಡಿದ ನೊರೆಯಲ್ಲಿ ಅದು ಮೊಟ್ಟೆಯಿಡುತ್ತದೆ. ಒಡೆದು ಬಂದ ಗೊದಮೊಟ್ಟೆಗಳು ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ.

ಗೂಡು ಮಸೂರಕ್ಕೆ ನಿಲುಕುವಷ್ಟು ಸಮೀಪದಲ್ಲಿರಲಿಲ್ಲ. ನಮ್ಮೊಡನೆ ಬಂದಿದ್ದ ಪ್ರವಾಸಿಯೊಬ್ಬರು ಕೊಂಬೆಯನ್ನು ದಡದ ಕಡೆಗೆ ಎಳೆದು ಹಿಡಿಯಲು ಕೈಚಾಚಿದರು. “ಬೇಡ ಮಾರಾಯ್ರೆ, ಕೊಂಬೆ ಜಗ್ಗಿದ್ರೆ ಮರಿಗಳೆಲ್ಲ ನೆಲಕ್ಕೆ ಬೀಳ್ತವೆ” ಎಂದು ಕೃಷಿಕರು ತಡೆದರು. ಪ್ರವಾಸಿಯವರು ಕೈ ಹಿಂದೆಗೆದುಕೊಂಡರು, ಶಿಷ್ಯನು ದೀಪವನ್ನಾರಿಸಿದನು. ದಡದಿಂದಲೇ ತೆಗೆದ ಚಿತ್ರದಲ್ಲಿ ಗೂಡು ಬರಿಯ ಬಿಳಿಯ ಚುಕ್ಕೆಯಾಗಿ ಬಂದಿದೆ. ನೂರಾರು ಜೀವಗಳ ಬೆಲೆಗೆ ಕೊಳ್ಳುವ ಸ್ಫುಟವಾದ ಚಿತ್ರಕ್ಕಿಂತ ಆ ಚುಕ್ಕೆಯೇ ಲೇಸು.

ಕೀಟಗಳು ಅಲುಗದಿರಲೆಂದು ಅವನ್ನು ತಣ್ಣಗೆ ಮರಗಟ್ಟಿಸಿ ಚಿತ್ರ ತೆಗೆಯುವವರೂ ಇದ್ದಾರೆ. ಹಾಗೆ ತೆಗೆದ ಚಿತ್ರವು ಪ್ರಾಣಿಯ ಸಹಜ ಬಾಳನ್ನು ತೋರಿಸಲಾರದು. ಕಪ್ಪೆಯನ್ನಂತೂ ಕೈಯಿಂದ ಮುಟ್ಟಲೇಬಾರದು. ಅದು ಚರ್ಮದ ಮೂಲಕವೂ ಉಸಿರಾಡುವುದು, ನೀರು ಹೀರುವುದು. ಉಂಬಳಗಳ ಕಾಟಕ್ಕೆ ನಾವು ಸವರಿಕೊಂಡ ಸುಣ್ಣ, ಹೊಗೆಸೊಪ್ಪುಗಳು ಅದಕ್ಕೆ ವಿಷಪ್ರಾಯ.

ಇದನ್ನು ಅಭ್ಯಾಸ ಮಾಡಲು ಎಲ್ಲರೂ ಆಗುಂಬೆಗೆ ಹೋಗಬೇಕೆಂದೇನೂ ಇಲ್ಲ. ಬೆಲೆಬಾಳುವ ಮಸೂರವೂ ಅವಶ್ಯವಲ್ಲ. ಮಸೂರ ಕಳಚಬಹುದಾದ ಕ್ಯಾಮೆರಾ ಮನೆಯಲ್ಲಿದ್ದರೆ, ಅವೆರಡರ ನಡುವೆ ಗಾಜಿಲ್ಲದ ಟೊಳ್ಳು ಕೊಳವೆಯೊಂದನ್ನು ಸೇರಿಸಿದರೂ ಸಮೀಪದ ಚಿತ್ರಗಳು ಬರುತ್ತವೆ. ಹಿತ್ತಲಿನ ತುಳಸಿಯ ಹೂತೆನೆ, ಅದರ ಮೇಲಿನ ಇರುವೆ, ಬೇಲಿಯ ಜೇಡ ಇವೇ ಮೊದಲ ಪಾಠಗಳು. ವಾಚಕರು ಒಂದು ಭಾನುವಾರದ ಬೆಳಗ್ಗೆ ಮಕ್ಕಳನ್ನು ಜೊತೆಯಲ್ಲಿ ಕುಳ್ಳಿರಿಸಿಕೊಂಡು ಪ್ರಯತ್ನಿಸಲಿ. ಹೂವನ್ನು ಕೀಳದೆ, ಜೇಡನ ಬಲೆಯನ್ನು ಹರಿಯದೆ ಎದ್ದುಬರುವುದನ್ನು ಮೊದಲು ಕಲಿಸಲಿ. ಒಳ್ಳೆಯ ಚಿತ್ರವು ತಾನಾಗಿ ಹಿಂಬಾಲಿಸುವುದು.