ಬುತ್ತಿ ಕರಗುವ ಹೊತ್ತು

ಅಕ್ವೇರಿಯಂ ಅಂಗಡಿಯಲ್ಲಿ ಜೀಬ್ರಾ ಮೀನು ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಬೆರಳುದ್ದವೂ ಇಲ್ಲದ ಮೈ, ಕಿವಿರಿನಿಂದ ಬಾಲದವರೆಗೆ ಎಳೆದ ನೀಲಿ ಪಟ್ಟೆ, ಅರೆಗಳಿಗೆಯೂ ಒಂದೆಡೆ ನಿಲ್ಲದ ಚಡಪಡಿಕೆ. ದೇಶದೇಶಗಳ ಪ್ರಯೋಗಾಲಯ ಸೇರಿರುವ ಈ ಮೀನು ಮೂಲತಃ ನಮ್ಮ ಹೊಳೆ, ಗದ್ದೆಗಳದು. 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಇದಕ್ಕೆ ಶಾಸ್ತ್ರದ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಹೌದು, ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯಲ್ಲಿ ಊರೂರು ಅಲೆದು ಕಂಡದ್ದನ್ನೆಲ್ಲ ಬರೆದಿಟ್ಟನಲ್ಲ, ಅದೇ ಬುಕಾನನ್!

ಇದರ ಮೊಟ್ಟೆಯೊಳಗೆ ನಡೆಯುವುದಕ್ಕೆ ಮುಚ್ಚುಮರೆಯಿಲ್ಲ. ಮೈಕ್ರೋಸ್ಕೋಪಿನಡಿ ಎಲ್ಲ ಕಾಣುತ್ತದೆ. ಮುಕ್ಕಾಲು ಗಂಟೆಗೆ ಒಂದು ಕೋಶ ಎರಡಾಗುತ್ತದೆ. ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ನಾಲ್ಕು, ಎಂಟು, ಹದಿನಾರು. ಇಷ್ಟೆಲ್ಲ ಗಡಿಬಿಡಿಯಲ್ಲೂ ಮರಿಯ ಸ್ವಂತ ಜೀನುಗಳು ಬಹುಪಾಲು ಸುಮ್ಮನೆ ಕೂತಿರುತ್ತವೆ. ಕೆಲಸ ಸಾಗುವುದು ತಾಯಿ ಅಂಡದಲ್ಲಿ ಕಟ್ಟಿ ಕಳಿಸಿದ ಆರ್‌ಎನ್‌ಎ ಸಂದೇಶಗಳ ಬುತ್ತಿಯ ಮೇಲೆ.

ಸುಮಾರು ಮೂರು ಗಂಟೆ ಕಳೆದು, ಕೋಶಗಳು ಸಾವಿರದ ಹತ್ತಿರ ಬಂದಾಗ ಮರಿಯ ಜೀನುಗಳು ಮೈಕೊಡವಿ ಏಳುತ್ತವೆ. ಅವು ಮೊದಮೊದಲಿಗೆ ತಯಾರಿಸುವವುಗಳಲ್ಲಿ ಮಿರ್-430 ಎಂಬ ಪುಟಾಣಿ ಮೈಕ್ರೋ ಆರ್‌ಎನ್‌ಎ ಒಂದು. ಅದರ ಕೆಲಸವೇನು ಗೊತ್ತೆ? ಅಮ್ಮನ ಬುತ್ತಿ ಖಾಲಿ ಮಾಡುವುದು! ನಮ್ಮಲ್ಲಿ ಬುತ್ತಿ ಕಟ್ಟಿದವರಿಗೆ ಹೊಗಳಿಕೆ. ಬರಿದು ಮಾಡುವವರ ಹೆಸರು ಯಾರಿಗೂ ನೆನಪಿರುವುದಿಲ್ಲ. ನನಗೋ ಈ ಎರಡನೆಯವನ ಮೇಲೇ ಮೋಹ.

ಅವನು ಕೆಲಸ ಮಾಡುವ ರೀತಿ ನೋಡಿ. ತಾಯಿಯ ಆರ್‌ಎನ್‌ಎಯ ಕೊನೆಯ ಭಾಗದಲ್ಲಿ ತನಗೆ ಹೊಂದುವ ಆರೇಳು ಅಕ್ಷರ ಹುಡುಕಿ ಅಂಟಿಕೊಳ್ಳುತ್ತಾನೆ, ಅಷ್ಟೆ. ಕಡಿಯುವುದು ಬೇರೆಯವರು. ಆ ಎಳೆಗೆ ಎ, ಎ, ಎ ಎಂದು ಒಂದೇ ಅಕ್ಷರ ಸಾಲುಗಟ್ಟಿದ ಬಾಲವಿರುತ್ತದೆ. ಕಿಣ್ವಗಳು ಬಂದು ಅದನ್ನು ತುದಿಯಿಂದ ಮೆಲ್ಲುತ್ತವೆ. ಬಾಲ ಸವೆದ ಮೇಲೆ ತಲೆಯ ಟೊಪ್ಪಿಗೆಯೂ ಕಳಚುತ್ತದೆ, ಮಿಕ್ಕದ್ದು ಚೂರುಚೂರು. ಹೀಗೆ ಹೋಗುವ ತಾಯಿಯ ಸಂದೇಶಗಳು ನೂರಾರು ಎಂದು ಆಂಟೋನಿಯೊ ಹಿರಾಲ್ಡೆಸ್, ಅಲೆಕ್ಸಾಂಡರ್ ಶೀರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು.

ಹೋಗದೇ ಉಳಿದರೆ? ಅದಕ್ಕೂ ಮುಂಚಿನ ವರ್ಷವೇ ಅವರು ಮೈಕ್ರೋ ಆರ್‌ಎನ್‌ಎ ತಯಾರಿಸಲಾಗದ ಭ್ರೂಣಗಳನ್ನು ನೋಡಿದ್ದರು. ಅವುಗಳ ಮಿದುಳು ನೆಟ್ಟಗೆ ರೂಪುಗೊಂಡಿರಲಿಲ್ಲ. ಮಿರ್-430 ಒಂದನ್ನೇ ಚುಚ್ಚಿ ಕೊಟ್ಟಾಗ ಬಹುಮಟ್ಟಿಗೆ ಸರಿಹೋಯಿತು. ಮೈಕ್ರೋ ಆರ್‌ಎನ್‌ಎಗಳ ಸುಳಿವು ಮೊದಲು ಸಿಕ್ಕಿದ್ದು 1993ರಲ್ಲಿ, ಒಂದು ಮಿಲಿಮೀಟರಿನ ಹುಳುವಿನಲ್ಲಿ. ನೊಬೆಲ್ ಬರಲು 2024 ಆಗಬೇಕಾಯಿತು.

ಹಣ್ಣುನೊಣದ ತಾಯಿ ಇನ್ನೂ ಜಾಣೆ. ಬುತ್ತಿಯ ಜೊತೆಗೇ ಅದನ್ನು ಕರಗಿಸುವ ಸ್ಮಾಗ್ ಎಂಬ ಪ್ರೋಟೀನಿನ ಸಂದೇಶವನ್ನೂ ಗಂಟಿಗೆ ಹಾಕಿರುತ್ತಾಳೆ. ಮರಿಯ ಜೀನುಗಳು ಏಳುವ ಮುಂಚೆಯೇ ಅಲ್ಲಿ ಕೆಲಸ ಶುರು. ಅದೂ ಬಾಲದ ತುದಿಯಿಂದಲೇ.