ಪ್ರಶ್ನೆಪತ್ರಿಕೆ ಓದಲು ಕಲಿಸುವವರು ಯಾರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಬೀದಿಗಳಲ್ಲಿ ಕೇಳಿಬರುವ ಮಾತು ಎರಡೇ. ಪಾಸಾದ ಮಗು ಬುದ್ಧಿವಂತ, ನಪಾಸಾದ ಮಗು ಓದಲಿಲ್ಲ. ಇವೆರಡರ ನಡುವೆ ಇನ್ನೊಂದು ಗುಂಪಿದೆ. ಆ ಮಕ್ಕಳು ಓದಿರುತ್ತಾರೆ, ಪಾಠವೂ ಗೊತ್ತಿರುತ್ತದೆ. ಆದರೆ ಗೊತ್ತಿರುವುದನ್ನು ಮೂರು ಗಂಟೆಯೊಳಗೆ ಕಾಗದದ ಮೇಲೆ ಇಳಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ಬರಹ ಅವರ ಪರವಾಗಿ.

ನಾನು ಶಿಕ್ಷಕನಲ್ಲ, ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು. ಹುಟ್ಟಿದ್ದು ಕೆಜಿಎಫ್‌ನ ಒಂದು ಲೈನು ಮನೆಯಲ್ಲಿ, ಈಗ ಇರುವುದು ಬಂಗಾರಪೇಟೆಯಲ್ಲಿ. ಕೆಲವು ವರ್ಷಗಳಿಂದ ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಹತ್ತನೆಯ ತರಗತಿಯ ಕೆಲವು ಮಕ್ಕಳು ಸೇರುತ್ತಾರೆ. ಮನೆಯಲ್ಲಿ ಕೆಲವರದು ಉರ್ದು, ಕೆಲವರದು ತಮಿಳು, ಇನ್ನು ಕೆಲವರದು ತೆಲುಗು. ನಾನು ಅವರಿಗೆ ಹೊಸ ಪಾಠವನ್ನೇನೂ ಹೇಳಿಕೊಡುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟು, ಗಡಿಯಾರ ನೋಡಿ ಬರೆಸುತ್ತೇನೆ, ಅಷ್ಟೆ.

ಇದು ಬೇಕಾಗಿದೆ ಎಂದು ನನಗೆ ಅನ್ನಿಸಿದ್ದಕ್ಕೆ ಕಾರಣವಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳ ದುಡಿಮೆ ಬೆಂಗಳೂರಿನ ರೈಲನ್ನು ಅವಲಂಬಿಸಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಲ್ಲಿ ಬೆಳಕು ಹರಿಯುವ ಮೊದಲೇ ಹತ್ತಿದ ತಂದೆ ಮನೆಗೆ ಮರಳುವಾಗ ರಾತ್ರಿಯಾಗಿರುತ್ತದೆ. ಮಗು ಪುಸ್ತಕ ಹಿಡಿದು ಕುಳಿತಿದೆಯೇ ಎಂದು ನೋಡಲು ತಾಯಿ ಇದ್ದಾಳೆ. ಬರೆದದ್ದು ಸರಿಯಿದೆಯೇ ಎಂದು ನೋಡುವವರಿಲ್ಲ. ಓದಿದವರ ಮನೆಯಲ್ಲಿ ಈ ವಿದ್ಯೆ ಊಟದ ಹೊತ್ತಿನ ಮಾತಿನಲ್ಲೇ ದಾಟಿಬಿಡುತ್ತದೆ. "ಮೊದಲು ಗೊತ್ತಿರುವುದನ್ನು ಬರಿ, ಕೊನೆಗೆ ಹತ್ತು ನಿಮಿಷ ಉಳಿಸಿಕೋ" ಎಂದು ಅಕ್ಕ ತಮ್ಮನಿಗೆ ಹೇಳುತ್ತಾಳೆ. ಮನೆಯಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿ ಮುಟ್ಟಿದ ಮಗುವಿಗೆ ಆ ಅಕ್ಕ ಇರುವುದಿಲ್ಲ.

ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಹೊಸದಾಗಿ ಕೆಳಗಿಳಿದವನನ್ನು ಒಬ್ಬನೇ ಬಿಡುತ್ತಿರಲಿಲ್ಲ, ಬಂಡೆ ತಟ್ಟಿ ಸದ್ದು ಕೇಳುವುದನ್ನು ಹಳಬನೊಬ್ಬ ಕಲಿಸುತ್ತಿದ್ದ ಎಂದು ಅವರು ಹೇಳುತ್ತಿದ್ದರು. ಪರೀಕ್ಷೆಗೆ ಮಾತ್ರ ನಾವು ಮಕ್ಕಳನ್ನು ಒಬ್ಬೊಬ್ಬರನ್ನೇ ಇಳಿಸುತ್ತಿದ್ದೇವೆ.

ಮೊದಲ ತೊಡಕು ಪ್ರಶ್ನೆಯ ಭಾಷೆಯದು. ಒಮ್ಮೆ ಒಬ್ಬ ಹುಡುಗ ಸಮಾಜ ವಿಜ್ಞಾನದ ಒಂದು ಪ್ರಶ್ನೆಯನ್ನು ಬಿಟ್ಟಿದ್ದ. ಏಕೆಂದು ಕೇಳಿದೆ. "ಚಾಚಾ, ಪಾಠ ಗೊತ್ತು. 'ಸಮರ್ಥಿಸಿ' ಅಂದ್ರೆ ಏನು ಮಾಡ್ಬೇಕು?" ಎಂದ. ಹೇಳಿದ ಮೇಲೆ ಐದು ಅಂಶಗಳನ್ನು ಸಲೀಸಾಗಿ ಬರೆದ. ಅಂದಿನಿಂದ ನಮ್ಮಲ್ಲಿ ಮೊದಲ ವಾರ ಇದೇ ಕೆಲಸ. 'ಪಟ್ಟಿ ಮಾಡಿ' ಎಂದರೆ ಅಂಶಗಳು ಸಾಕು. 'ವಿವರಿಸಿ' ಎಂದರೆ ಪ್ರತಿ ಅಂಶಕ್ಕೂ ಒಂದೆರಡು ವಾಕ್ಯ ಬೇಕು. 'ವ್ಯತ್ಯಾಸ ತಿಳಿಸಿ' ಎಂದರೆ ಎರಡನ್ನೂ ಎದುರುಬದುರು ಇಟ್ಟು ಬರೆಯಬೇಕು. 'ಸಮರ್ಥಿಸಿ' ಎಂದರೆ ಕೊಟ್ಟ ಹೇಳಿಕೆ ಏಕೆ ಸರಿ ಎಂಬುದಕ್ಕೆ ಕಾರಣ ಕೊಡಬೇಕು. ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ ಈ ನಾಲ್ಕೈದು ಕ್ರಿಯಾಪದಗಳೇ ಬಾಗಿಲಿನ ಚಿಲಕ.

ಎರಡನೆಯದು ಸಮಯ. ಈಚಿನ ವರ್ಷಗಳ ಗಣಿತ ಪತ್ರಿಕೆಯನ್ನೇ ನೋಡಿ. 80 ಅಂಕ, 38 ಪ್ರಶ್ನೆ. ಒಂದು ಅಂಕದವು 16, ಎರಡರವು 8, ಮೂರರವು 9, ನಾಲ್ಕರವು 4, ಐದರದು 1. ಪತ್ರಿಕೆ ಓದಿಕೊಳ್ಳಲು 15 ನಿಮಿಷ, ಬರೆಯಲು ಮೂರು ಗಂಟೆ. ಲೆಕ್ಕ ಹಾಕಿದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಮಕ್ಕಳಿಗೆ ನಾನು ಹೇಳುವುದು ಇದಕ್ಕಿಂತ ಸ್ವಲ್ಪ ಬಿಗಿಯಾದ ಲೆಕ್ಕ. ಒಂದು ಅಂಕದವುಗಳಿಗೆಲ್ಲ ಸೇರಿ 20 ನಿಮಿಷ, ಎರಡರವಕ್ಕೆ 30, ಮೂರರವಕ್ಕೆ 60, ನಾಲ್ಕರವಕ್ಕೆ 35, ಐದರದಕ್ಕೆ 10. ಇನ್ನೂ 25 ನಿಮಿಷ ಉಳಿಯುತ್ತದೆ. ಬಿಟ್ಟದ್ದನ್ನು ಮತ್ತೆ ಮುಟ್ಟಲು, ಪ್ರಶ್ನೆ ಸಂಖ್ಯೆ ಸರಿಯಿದೆಯೇ ಎಂದು ನೋಡಲು ಅದು ಬೇಕು. ಒಂದು ಮೂರಂಕದ ಲೆಕ್ಕಕ್ಕೆ ಜಿದ್ದಿಗೆ ಬಿದ್ದು ಇಪ್ಪತ್ತು ನಿಮಿಷ ಕಳೆದವರು, ಕೊನೆಯಲ್ಲಿ ಬರುತ್ತಿದ್ದ ನಾಲ್ಕಂಕದ್ದನ್ನೂ ಕಳೆದುಕೊಳ್ಳುತ್ತಾರೆ. ಓದಿಕೊಳ್ಳುವ 15 ನಿಮಿಷವೂ ಗಾಬರಿಪಡಲು ಕೊಟ್ಟದ್ದಲ್ಲ. ಯಾವುದು ಖಂಡಿತ ಬರುತ್ತದೆ, 'ಅಥವಾ' ಎಂದಿರುವಲ್ಲಿ ಯಾವುದನ್ನು ಬರೆಯಬೇಕು ಎಂದು ಆಗಲೇ ತೀರ್ಮಾನಿಸಬೇಕು.

ಸಣ್ಣ ಸಂಗತಿಗಳಲ್ಲೂ ಅಂಕ ಸೋರುತ್ತದೆ. ಬಹುಆಯ್ಕೆ ಪ್ರಶ್ನೆಗಳಲ್ಲಿ ಕ್ರಮಾಕ್ಷರದೊಡನೆ ಪೂರ್ಣ ಉತ್ತರ ಬರೆಯಿರಿ ಎಂಬ ಸೂಚನೆ ಇರುತ್ತದೆ. ಎಷ್ಟೋ ಮಕ್ಕಳು ಬರೀ ಅಕ್ಷರ ಬರೆದು ಮುಂದೆ ಹೋಗುತ್ತಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಇಲ್ಲಿ ಯಾವುದನ್ನೂ ಖಾಲಿ ಬಿಡಬಾರದು. ನಾಳೆ ಇದೇ ಮಗು ನೀಟ್ ಬರೆಯುವಾಗ ನಿಯಮ ತಿರುವುಮುರುವಾಗುತ್ತದೆ. ಅಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಸಿಇಟಿಯಲ್ಲಿ ಕಡಿತವಿಲ್ಲ. ಯಾವ ಪರೀಕ್ಷೆಯೇ ಆಗಲಿ, ಮೊದಲು ಅದರ ನಿಯಮ ಓದಬೇಕು.

ಓದುವ ರೀತಿಯಲ್ಲೂ ಒಂದು ಬದಲಾವಣೆ ಬೇಕು. ನಮ್ಮ ಮಕ್ಕಳು ಒಂದೇ ಪುಟವನ್ನು ಹತ್ತು ಸಲ ಗಟ್ಟಿಯಾಗಿ ಓದುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನು ಹೇಳುತ್ತದೆ. ಓದಿದ್ದನ್ನೇ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ಆದರೆ ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡಿದ್ದವರೇ ಮುಂದಿದ್ದರು. ಇದಕ್ಕೆ ಖರ್ಚಿಲ್ಲ. ಒಂದು ಬಳಪ, ಒಂದು ಸ್ಲೇಟು ಸಾಕು.

ನಮ್ಮ ಮನೆಗಳ ಇನ್ನೊಂದು ಸಂಗತಿಯನ್ನೂ ಹೇಳಬೇಕು. 2023, 2024, 2025, ಈ ಮೂರೂ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ರಮಝಾನ್ ತಿಂಗಳನ್ನು ಮುಟ್ಟಿತು. ಸಹರಿಗೆ ಎದ್ದ ಮಗು ರಾತ್ರಿ ಹನ್ನೆರಡರವರೆಗೂ ಓದಿದರೆ ಪರೀಕ್ಷೆಯ ಕೊಠಡಿಯಲ್ಲಿ ತೂಕಡಿಸುತ್ತದೆ. ಬೆಳಿಗ್ಗೆ ಸಹರಿಯ ನಂತರದ ತಂಪು ಹೊತ್ತನ್ನು ಓದಿಗೆ ಇಟ್ಟುಕೊಂಡು, ರಾತ್ರಿ ಬೇಗ ಮಲಗಿಸಿ ಎಂದು ತಾಯಂದಿರಿಗೆ ಹೇಳಿದೆ. ಒಬ್ಬ ತಾಯಿ, "ಮನೆ ತುಂಬ ಜನ ಇರ್ತಾರೆ ಅಣ್ಣಾ, ಬೇಗ ಎಲ್ಲಿ ಮಲಗ್ತಾಳೆ?" ಎಂದರು. ಆ ಹುಡುಗಿ ಪರೀಕ್ಷೆ ಮುಗಿಯುವವರೆಗೆ ಪಕ್ಕದ ಮನೆಯ ಅಜ್ಜಿಯ ಕೋಣೆಯಲ್ಲಿ ಮಲಗಿದಳು. ತಂತ್ರವೆಂದರೆ ಕೆಲವೊಮ್ಮೆ ಒಂದು ಚಾಪೆಯಷ್ಟು ಜಾಗ.

ಇದೆಲ್ಲ ಅಡ್ಡದಾರಿಯಲ್ಲವೇ ಎಂದು ಗೆಳೆಯರೊಬ್ಬರು ಕೇಳಿದರು. ಅಡ್ಡದಾರಿ ಯಾವುದೆಂದು 2024ರಲ್ಲಿ ರಾಜ್ಯವೇ ನೋಡಿತು. ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ನಕಲಿನ ಚೀಟಿ ಮಗುವಿಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ತೋರಿಸುತ್ತದೆ. ನಾನು ಹೇಳುತ್ತಿರುವುದು ಗೊತ್ತಿರುವುದು ಕಳೆದುಹೋಗದಂತೆ ನೋಡಿಕೊಳ್ಳುವ ದಾರಿ. ಪಾಠವೇ ಗೊತ್ತಿಲ್ಲದ ಮಗುವಿಗೆ ಈ ಯಾವ ಲೆಕ್ಕವೂ ನೆರವಾಗದು. ಅದಕ್ಕೆ ಶಾಲೆ ಬೇಕು, ಶಿಕ್ಷಕರು ಬೇಕು.

ಫಲಿತಾಂಶ ಬಂದ ಮೇಲೂ ತಿಳಿದಿರಬೇಕಾದದ್ದಿದೆ. ನಿರೀಕ್ಷಿಸಿದಷ್ಟು ಅಂಕ ಬರದಿದ್ದರೆ ಉತ್ತರಪತ್ರಿಕೆಯ ನಕಲು ಪ್ರತಿ ತರಿಸಿ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ಬಂತು. ಮೊದಲನೆಯದರಲ್ಲಿ ಹೋದರೆ ವರ್ಷವೇ ಹೋಯಿತೆಂದು ಮಗುವನ್ನು ಅಂಗಡಿಗೋ ಗ್ಯಾರೇಜಿಗೋ ಹಚ್ಚುವ, ಹುಡುಗಿಗೆ ಗಂಡು ನೋಡುವ ಅವಸರ ಬೇಡ. ಎರಡನೆಯ ಪರೀಕ್ಷೆಯ ಅರ್ಜಿಗೆ ಕೊನೆಯ ದಿನ ಯಾವುದೆಂದು ಶಾಲೆಗೆ ಹೋಗಿ ಕೇಳಿ.

ಕೊನೆಗೆ, ಪದವಿ ಪಡೆದು ಕೆಲಸದಲ್ಲಿರುವ ನಮ್ಮೂರಿನ ಯುವಕ ಯುವತಿಯರಲ್ಲಿ ಒಂದು ಕೋರಿಕೆ. ನೀವು ಶಿಕ್ಷಕರಾಗಬೇಕಿಲ್ಲ. ಮಾದರಿ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಾಲ್ಕು ಪ್ರತಿ ಜೆರಾಕ್ಸ್ ಮಾಡಿಸಿ. ಬರುವ ಭಾನುವಾರ ಪಕ್ಕದ ಮನೆಯ ನಾಲ್ಕು ಮಕ್ಕಳನ್ನು ಮೂರೂಕಾಲು ಗಂಟೆ ಕೂರಿಸಿ. ಬರೆದು ಮುಗಿದ ಮೇಲೆ ಅಂಕ ಹಾಕಬೇಡಿ. ಯಾವ ಪ್ರಶ್ನೆಯನ್ನು ಏಕೆ ಬಿಟ್ಟೆ ಎಂದಷ್ಟೇ ಕೇಳಿ.