ಗಣಪತಿಯ ಗಂಟೆಗಳೂ ಚುಕ್ಕಿಗಳ ರಾಶಿಯೂ

ನಮ್ಮ ಕೊಕ್ಕಡದ ಸೌತಡ್ಕ ಗಣಪತಿಗೆ ಗರ್ಭಗುಡಿಯಿಲ್ಲ, ಸೂರೂ ಇಲ್ಲ. ಬಯಲಲ್ಲೇ ಕೂತಿದ್ದಾನೆ, ಸುತ್ತ ಹರಕೆಯ ಗಂಟೆಗಳು. ಅದನ್ನೆಲ್ಲ ಲೇಸರಿನಲ್ಲಿ ಅಳೆದು, ಮೂರು ಆಯಾಮದ ಚುಕ್ಕಿಗಳ ರಾಶಿಯಾಗಿ ಎತ್ತಿಡಬೇಕೆಂದು ನನಗೊಂದು ಹುಚ್ಚು (ನಗಬೇಡಿ!). ಕೋಟಿಗಟ್ಟಲೆ ಚುಕ್ಕಿಗಳು, ಕುಗ್ಗಿಸದೆ ಇಡಲಾಗದು.

ಇದಕ್ಕೆ ಎಂಪೆಗ್‌ನವರ ಎರಡು ಮಾನಕಗಳಿವೆ. 2021ರ ವಿ-ಪಿಸಿಸಿ ಚುಕ್ಕಿಗಳನ್ನು ಚಪ್ಪಟೆ ಚಿತ್ರಗಳಾಗಿಸಿ ಮಾಮೂಲಿ ವಿಡಿಯೋದಂತೆ ಕುಗ್ಗಿಸುತ್ತದೆ. ಕುಣಿಯುವ ಯಕ್ಷಗಾನದ ವೇಷಕ್ಕೆ ಅದು ಸರಿ. ಬಯಲಿಗೆ 2023ರ ಜಿ-ಪಿಸಿಸಿಯೇ ವಾಸಿ. ಜಾಗವನ್ನು ಎಂಟು ಡಬ್ಬಿ ಮಾಡಿ, ಚುಕ್ಕಿಯಿರುವ ಡಬ್ಬಿಯನ್ನಷ್ಟೇ ಮತ್ತೆ ಎಂಟು ಮಾಡುತ್ತಾ ಹೋಗುತ್ತದೆ. ಖಾಲಿ ಡಬ್ಬಿಗೆ ಒಂದು ಸೊನ್ನೆ, ಅಲ್ಲಿಗೆ ಮುಗಿಯಿತು. ಮೇಲಿನ ಆಕಾಶ ಹೆಚ್ಚುಕಮ್ಮಿ ಪುಕ್ಕಟೆ!

ಖರ್ಚೆಲ್ಲ ಗಂಟೆಗಳಿಗೇ. ಫೈಲು ಚಿಕ್ಕದಾಗಲೆಂದು ಬೇಗ ನಿಲ್ಲಿಸಿದರೆ ಹತ್ತಿರದ ಚುಕ್ಕಿಗಳು ಒಂದಾಗಿ, ಯಾರದೋ ಪುಟ್ಟ ಗಂಟೆ ಪಕ್ಕದ ದೊಡ್ಡದರಲ್ಲಿ ಸೇರಿಹೋಗುತ್ತದೆ. ಹರಕೆ ಹೊತ್ತವರಿಗೆ ಏನೆಂದು ಹೇಳೋಣ? ಒಂದು ಚುಕ್ಕಿಯೂ ಕಳೆಯದ ಬಗೆಯೂ ಅದರಲ್ಲಿದೆ. ಫೈಲು ದೊಡ್ಡದಾಗುತ್ತದೆ, ಆಗಲಿ ಬಿಡಿ.